ಬರೀ ಎಲುಬಿನ ಲಾರಿ

ಬಾಡಿ ಕಟ್ಟಿಸಿಕೊಳ್ಳಲು ಹೊರಟಿದ್ದ ಹೊಸ ಲಾರಿಯೊಂದು ಬಸ್‌ಸ್ಟ್ಯಾಂಡಿನ ಮುಂದೆ ನಿಂತಿತ್ತು. ಎಂಜಿನ್, ಚಕ್ರ, ಎರಡು ಉದ್ದನೆಯ ಉಕ್ಕಿನ ತೊಲೆಗಳ ಚಾಸಿ, ಅಷ್ಟೇ. ಡ್ರೈವರ್ ದಸ್ತಗೀರ್ ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲಿನಲ್ಲೇ ಕೂತಿದ್ದ.

ಬಣ್ಣದ ಬಸ್ಸೊಂದು ಅದನ್ನು ನೋಡಿ ನಕ್ಕಿತು. "ಬರೀ ಎಲುಬು! ನಾಲ್ಕು ಜನರ ಮುಂದೆ ಹೀಗೆ ಬರಲು ನಾಚಿಕೆಯಾಗುವುದಿಲ್ಲವೇ?"

"ಭಾರ ಹೊರುವುದು ಎಲುಬೇ," ಎಂದಿತು ಚಾಸಿ. "ನಿನ್ನೊಳಗೂ ಒಂದಿದೆ."

"ನನ್ನೊಳಗೆ? ನಾನು ಪೂರ್ತಿ ಗಾಜು, ಬಣ್ಣ, ಮೆತ್ತನೆಯ ಸೀಟು!" ಎಂದು ಬಸ್ಸು ಹಾರ್ನ್ ಹೊಡೆದು ಹೊರಟಿತು.

ಊರಾಚೆ ಅದು ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ರಸ್ತೆ ಬದಿಯ ಕೆಸರಿನಲ್ಲಿ ಹೂತುಹೋಯಿತು. ಹಿಂದೆಯೇ ಬಂದ ದಸ್ತಗೀರ್ ಲಾರಿಯನ್ನು ಅದರ ಮುಂದೆ ನಿಲ್ಲಿಸಿ ಹಗ್ಗ ಕೊಟ್ಟ. ಕಂಡಕ್ಟರ್ ಅದನ್ನು ಬಸ್ಸಿನ ಹೊಳೆಯುವ ಬಂಪರಿಗೆ ಕಟ್ಟಿದ. ಚಾಸಿ ಎಳೆಯಿತು, ಬಂಪರ್ ಮಾತ್ರ ಕಿತ್ತು ಬಂತು.

"ಅಲ್ಲಿ ಕಟ್ಟಿದ್ರೆ ಇನ್ನೇನಾಗುತ್ತಣ್ಣ!" ಎನ್ನುತ್ತ ದಸ್ತಗೀರ್ ಬಸ್ಸಿನಡಿ ತೂರಿ, ಅಲ್ಲಿದ್ದ ಉಕ್ಕಿನ ತೊಲೆಗೆ ಹಗ್ಗ ಬಿಗಿದ. ಇಳಿದ ಪ್ರಯಾಣಿಕರು ಹಿಂದಿನಿಂದ ತಳ್ಳಿದರು. ಚಾಸಿ ಗುಡುಗಿತು, ಬಸ್ಸು ನಡುಗಿತು, ಒಂದೇ ಎಳೆತಕ್ಕೆ ರಸ್ತೆ ಏರಿತು. ಜನ ಶಿಳ್ಳೆ ಹೊಡೆದು ಕುಣಿದರು.

"ಎಳೆದವನು ನೀನು, ಒಪ್ಪಿದೆ," ಎಂದಿತು ಬಸ್ಸು. "ನನ್ನ ಕಡೆಯಿಂದ ಹಗ್ಗ ಹಿಡಿದವನು ಯಾರು?"

ಸೀಟುಗಳ ಅಡಿಯಿಂದ ದನಿ ಬಂತು: "ನಾನು. ಇದೇ ದಾರಿಯಲ್ಲಿ ನಾನೂ ಒಂದು ದಿನ ಬೆತ್ತಲೆಯಾಗಿ ಬಂದಿದ್ದೆ. ಆಗ ನೀನಿನ್ನೂ ಹುಟ್ಟಿರಲಿಲ್ಲ."