ಕಪ್ಪು ಕೂದಲಿನ ಮಾದರಿ

"ಗುರುಗಳೇ, ಇವರು ನಮ್ಮವರೇ ಎಂದು ಗುರುತು ಹಿಡಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನು ಹಿಂದಿನ ದಿನವಷ್ಟೇ ಊರಿನಿಂದ ಮಠಕ್ಕೆ ಮರಳಿದ್ದ. ಬಹಳ ವರ್ಷಗಳ ಮೇಲೆ ಹೋದವನು ಒಂದು ಹೊತ್ತೂ ನಿಲ್ಲದೆ ಬಂದುಬಿಟ್ಟಿದ್ದ. "ನನ್ನನ್ನು ಎತ್ತಿ ಆಡಿಸಿದ ಅಕ್ಕ ಈಗ ಆ ಅಕ್ಕನೇ ಅಲ್ಲ. ಯಾರೋ ಸಿಡುಕಿನ ಮುದುಕಿ. ಮುಖವೂ ಬೇರೆ, ಮಾತೂ ಬೇರೆ. ಊಟಕ್ಕೂ ಕೂರದೆ ಎದ್ದು ಬಂದೆ" ಎಂದ.

ಗುರುಗಳು ಕೂರುವಂತೆ ಕೈಸನ್ನೆ ಮಾಡಿ ಕತೆಗೆ ತೊಡಗಿದರು.

ಒಬ್ಬ ನೂಲಿನ ವ್ಯಾಪಾರಿ ಇದ್ದ. ಬಣ್ಣದ ವಿಷಯದಲ್ಲಿ ಅವನ ಕಣ್ಣು ಬಲು ಚುರುಕು. ಬಣ್ಣಗಾರರಿಗೆ ನೂಲು ಕೊಡುವಾಗ, ಒಪ್ಪಿದ ಬಣ್ಣದ ಒಂದು ಎಳೆಯನ್ನು ಮಾದರಿಯೆಂದು ಕತ್ತರಿಸಿ ಸಂಚಿಯಲ್ಲಿ ಇಟ್ಟುಕೊಳ್ಳುವನು. ಮಾಲು ಬಂದಾಗ ಆ ಎಳೆಯನ್ನು ಪಕ್ಕದಲ್ಲಿಟ್ಟು ನೋಡುವನು. ಒಂದಿಷ್ಟು ಮಾಸಲು ಕಂಡರೂ ಮಾಲು ವಾಪಸು. ತನಗೆ ಯಾರೂ ಮೋಸ ಮಾಡಲಾರರು ಎಂಬುದೊಂದು ಹೆಮ್ಮೆ ಅವನಿಗೆ.

ಊರವರ ಕುರಿ ಮೇಯಿಸುವ ಒಬ್ಬ ಕುರಿಗಾಹಿ ಅವನ ಗೆಳೆಯ. ಅವನು ಒಮ್ಮೆ ಬೆಟ್ಟದಾಚೆಯ ಹಟ್ಟಿಯಿಂದ ಒಂದು ನಾಯಿಮರಿ ತಂದುಕೊಟ್ಟ. ಮೂಗಿನಿಂದ ಬಾಲದ ತುದಿಯವರೆಗೆ ಕಪ್ಪು. ವ್ಯಾಪಾರಿ ಅದಕ್ಕೆ 'ಕಾಡಿಗೆ' ಎಂದೇ ಹೆಸರಿಟ್ಟ. ಹೆಂಡತಿ ಮಕ್ಕಳಿಲ್ಲದ ಮನೆ, ನೋಡು. ಮರಿಗೆ ನೂಲಿನ ಮೂಟೆಯೇ ಹಾಸಿಗೆ. ಅವನು ಹೊರಗೆ ಹೊರಟರೆ ಹೆಗಲ ವಸ್ತ್ರದ ತುದಿಯನ್ನು ಬಾಯಲ್ಲಿ ಹಿಡಿದು ಹಿಂದೆ ಹಿಂದೆ ಬರುವುದು. "ಏನು ಸಾವುಕಾರ್ರೇ, ಮೊಮ್ಮಗಳನ್ನ ಕರ್ಕೊಂಡು ಎಲ್ಲಿಗೆ ಸವಾರಿ?" ಎಂದು ದಾರಿಯವರು ನಗುವರು. ಅವನೂ ನಗುವನು.

ಹೀಗಿರಲು ಅವನಿಗೆ ಕಡಲಾಚೆಯ ವ್ಯಾಪಾರ ಕೂಡಿಬಂತು. ಮರಿಯನ್ನು ಕುರಿಗಾಹಿಗೆ ಒಪ್ಪಿಸಿದ. ಒಪ್ಪಿಸುವಾಗ, ಕೈಯ ಅಭ್ಯಾಸ, ಅದರ ಬೆನ್ನಿನಿಂದ ಒಂದು ಕುಚ್ಚು ಕೂದಲು ಕತ್ತರಿಸಿ ಸಂಚಿಗೆ ಹಾಕಿಕೊಂಡ. "ನಾಯಿಗೂ ಮಾದರಿಯೇನಯ್ಯಾ!" ಎಂದು ಗೆಳೆಯ ಹೊಟ್ಟೆ ಹಿಡಿದು ನಕ್ಕ.

ಹೋದವನು ಬರಲು ವರ್ಷಗಳೇ ಹಿಡಿದವು. ಬಂದ ದಿನ ಕುರಿಗಾಹಿಯ ಹಟ್ಟಿಗೇ ನೇರ ನಡೆದ. ಬೂದಿ ಬಣ್ಣದ ನಾಯಿಯೊಂದು ಓಡಿ ಬಂದು ಅವನ ಹೆಗಲ ವಸ್ತ್ರದ ತುದಿಯನ್ನು ಬಾಯಲ್ಲಿ ಹಿಡಿಯಿತು.

ವ್ಯಾಪಾರಿಯ ಎದೆ ಝಲ್ಲೆಂದಿತು. ಆದರೆ ಅಷ್ಟರಲ್ಲಿ ಕೈ ಸಂಚಿಗೆ ಹೋಗಿತ್ತು. ಕುಚ್ಚನ್ನು ತೆಗೆದು ನಾಯಿಯ ಬೆನ್ನ ಮೇಲಿಟ್ಟ. ಇದು ಕಪ್ಪು, ಅದು ಬೂದಿ. ಎದೆಯ ಮಾತು ಅಲ್ಲಿಗೆ ನಿಂತಿತು.

"ಇದು ನನ್ನ ಕಾಡಿಗೆಯಲ್ಲ" ಎಂದ.

"ಅದೇ ಕಣಯ್ಯಾ. ಬೆಳೀತಾ ಬೆಳೀತಾ ಬಣ್ಣ ಬಿಟ್ಟಿತು. ಇದರ ತಾಯಿಯೂ ಹೀಗೇ ಆಗಿತ್ತು. ಬೇಕಾದರೆ ನೀನೇ ಕರೆದು ನೋಡು."

"ಕರೆದರೆ ಯಾವ ನಾಯಿಯೂ ಬರುತ್ತೆ."

"ಇದು ಕರೆಯದೇ ಬಂತಲ್ಲೋ!"

ವ್ಯಾಪಾರಿ ವಸ್ತ್ರವನ್ನು ಕಿತ್ತುಕೊಂಡು ನಾಯಿಯನ್ನು ಕಾಲಲ್ಲಿ ತಳ್ಳಿದ. ಮಾತು ಊರಕಟ್ಟೆಗೆ ಹೋಯಿತು. ಹಿರಿಯರು ಕುಚ್ಚನ್ನು ನೋಡಿದರು, ನಾಯಿಯನ್ನು ನೋಡಿದರು. ಇದರ ತಾಯಿಯನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. "ಕಾಡಿಗೆ ಒಪ್ಪಿಸಿದರೆ ಬೂದಿ ತಂದು ಕೊಡ್ತೀಯೇನಪ್ಪಾ?" ಎಂದು ಒಬ್ಬ ಕೆಣಕಿದ. ಕಟ್ಟೆಯೆಲ್ಲ ನಕ್ಕಿತು. ನಂಬಿ ಒಪ್ಪಿಸಿದ ಪ್ರಾಣಿಯನ್ನು ಹಿಂತಿರುಗಿಸದವನ ವಶಕ್ಕೆ ಮತ್ತೆ ಕುರಿ ಬಿಡಬಾರದು ಎಂಬುದು ಆ ಊರಿನ ಕಟ್ಟಳೆ. ಸಂಜೆಯೊಳಗೆ ಎಲ್ಲರೂ ತಂತಮ್ಮ ಕುರಿ ಹೊಡೆದುಕೊಂಡು ಹೋದರು. ಕುರಿಗಾಹಿ ಊರು ಬಿಟ್ಟ.

ಹೋಗುವಾಗ ನಾಯಿಯನ್ನು ಕರೆದ. ಅದು ಹೋಗಲಿಲ್ಲ. ವ್ಯಾಪಾರಿಯ ಬಾಗಿಲಿಗೆ ಬಂದು ಮಲಗಿತು. ಅವನು ಕಲ್ಲು ಬೀಸಿದ. ಓಡಿಹೋಗಿ ಮತ್ತೆ ಬಂತು. ಕದ ಮುಚ್ಚಿಕೊಂಡ, ಹೊಸ್ತಿಲಾಚೆ ಕಾದಿತು. ಮಳೆಗಾಲದ ಒಂದು ಬೆಳಗ್ಗೆ ಕದ ತೆರೆದಾಗ ಸತ್ತು ಬಿದ್ದಿತ್ತು. ಆಳಿಂದ ಎಳೆಸಿ ಹಾಕಿಸಿದ.

ಆಮೇಲೆ ಬೆಟ್ಟದಾಚೆಯ ಅದೇ ಹಟ್ಟಿಗೆ ಜನ ಕಳಿಸಿ ಇನ್ನೊಂದು ಕರಿ ಮರಿ ತರಿಸಿದ. ಈ ಸಲ ಯಾರ ವಶಕ್ಕೂ ಕೊಡಲಿಲ್ಲ. ತಾನೇ ಉಣಿಸಿದ, ತಾನೇ ಮೀಯಿಸಿದ. ವರ್ಷ ತುಂಬುವಷ್ಟರಲ್ಲಿ ಕಣ್ಣಿನ ಸುತ್ತ ಮಸುಕಾಯಿತು. ಆಮೇಲೆ ಮೂತಿ. ಆಮೇಲೆ ಕಾಲು. ಬೆನ್ನೂ ಬೂದಿಯಾದ ದಿನ ಅವನು ಸಂಚಿಯಿಂದ ಹಳೆಯ ಕುಚ್ಚನ್ನು ತೆಗೆದ. ಪಕ್ಕದಲ್ಲಿಟ್ಟು ನೋಡುವ ಧೈರ್ಯ ಬರಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ಗೆಳೆಯನನ್ನು ಹುಡುಕಿಕೊಂಡು ಹೊರಟ.

ಊರೂರು ಅಲೆದ. ಅಲೆದು ಅಲೆದು ಅವನ ಕೂದಲೂ ಹಣ್ಣಾಯಿತು. ಕೊನೆಗೆ ಯಾವುದೋ ಸಂತೆಯಲ್ಲಿ ಬೇರೆಯವರ ಮೂಟೆ ಹೊರುತ್ತಿದ್ದ ಕುರಿಗಾಹಿ ಸಿಕ್ಕಿದ. ವ್ಯಾಪಾರಿ ಅವನ ಕಾಲ ಬಳಿ ಕುಸಿದು, "ನಾನು ಕಣೋ, ನಿನ್ನ ಗೆಳೆಯ. ತಪ್ಪಾಯಿತು. ಅದು ನನ್ನ ಕಾಡಿಗೆಯೇ" ಎಂದ.

ಕುರಿಗಾಹಿ ಮೂಟೆ ಇಳಿಸಲಿಲ್ಲ. ಅವನ ತಲೆಯನ್ನೊಮ್ಮೆ ನೋಡಿದ.

"ನಾನು ಬಲ್ಲ ವ್ಯಾಪಾರಿಯ ಕೂದಲು ಕಪ್ಪಗಿತ್ತು, ಯಜಮಾನರೇ" ಎಂದ. "ನೀವೇ ಅವರು ಅನ್ನೋದಕ್ಕೆ ಮಾದರಿ ಏನಾದರೂ ತಂದಿದ್ದೀರಾ?"

ಅಷ್ಟು ಹೇಳಿ ಸಂತೆಯ ಜನದೊಳಗೆ ಸೇರಿಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟು, "ಎಂಥ ಕುರುಡ ಆ ವ್ಯಾಪಾರಿ!" ಎಂದ.

ಗುರುಗಳು ಕೇಳಿದರು: "ನೀನು ಅಕ್ಕನ ಅಂಗಳಕ್ಕೆ ಕಾಲಿಟ್ಟಾಗ, ನಿನ್ನ ಹೆಸರು ಹಿಡಿದು ಮೊದಲು ಕೂಗಿದವಳು ಯಾರು?"

ಶಿಷ್ಯ ಎದ್ದು ಊರಿನ ದಾರಿ ಹಿಡಿದ.