ಚೀಲದಲ್ಲಿ ಉಳಿದ ಊದುಗೊಳವೆ

"ಕಲಿತದ್ದನ್ನು ಮರೆಯುವುದು ಹೇಗೆ, ಅಪ್ಪಾವರೇ?" ಎಂದು ಬಸಲಿಂಗವ್ವ ಮಠದ ಗುರುಗಳನ್ನು ಕೇಳಿದಳು.

ಅವಳ ಮಗನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅವನಿಗಾಗಿ ಅವಳು ಪಟ್ಟಣಕ್ಕೆ ಹೋಗಿ ಕೈಸನ್ನೆಯ ಭಾಷೆ ಕಲಿತು ಬಂದಿದ್ದಳು. ತಾಯಿ ಮಗ ಕೈಯಲ್ಲೇ ಹರಟೆ ಹೊಡೆಯುತ್ತಿದ್ದರು, ಕೈಯಲ್ಲೇ ಜಗಳ ಆಡುತ್ತಿದ್ದರು. ಹೋದ ವರ್ಷ ಜ್ವರ ಬಂದು ಮಗ ತೀರಿಕೊಂಡ. ಭಾಷೆ ಅವಳಲ್ಲಿ ಉಳಿಯಿತು. ಆಡಲು ಮನೆಯಲ್ಲಿ ಯಾರೂ ಇರಲಿಲ್ಲ.

"ಅದನ್ನು ಹೊತ್ತು ತಿರುಗುವುದು ನನ್ನಿಂದ ಆಗುತ್ತಿಲ್ಲ. ಎಲ್ಲಾದರೂ ಎಸೆದುಬಿಡಬೇಕು," ಎಂದಳು.

ಗುರುಗಳು, "ಒಂದು ಕತೆ ಹೇಳುತ್ತೇನೆ, ಕೇಳು. ಕಂಪ್ಯೂಟರ್ ಆಟದ ಕತೆ. ಮಠದಲ್ಲಿ ಕೂತವನಿಗೆ ಇದೆಲ್ಲ ಎಲ್ಲಿಂದ ಗೊತ್ತಾಯಿತು ಎನ್ನಬೇಡ. ಆಡುತ್ತಾ ಕೂತಿದ್ದ ನಮ್ಮ ಹಾಸ್ಟೆಲಿನ ಹುಡುಗರನ್ನು ಬೈಯಲು ಹೋದವನು ನಾನೂ ಪಕ್ಕದಲ್ಲಿ ಕೂತುಬಿಟ್ಟೆ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ. ಅಂಗಡಿ ಮುಚ್ಚಿದ ಮೇಲೆ ಅವನಿಗೆ ಒಂದೇ ಚಟ, ಕಂಪ್ಯೂಟರಿನಲ್ಲಿ ಸಾಹಸದ ಆಟ. ಆಟದೊಳಗೆ ಒಂದು ಕೋಟೆ. ಯಾರದೋ ಶಾಪಕ್ಕೆ ಕೋಟೆಯ ಜನ ಒಳಗೇ ಸಿಕ್ಕಿಬಿದ್ದಿದ್ದಾರೆ. ಹೆಬ್ಬಾಗಿಲು ತೆರೆದರೆ ಅವರಿಗೆಲ್ಲ ಬಿಡುಗಡೆ. ಆಡುವವನ ಹೆಗಲಿಗೆ ಒಂದು ಚೀಲ. ದಾರಿಯಲ್ಲಿ ಸಿಕ್ಕಿದ್ದನ್ನು ಅದರಲ್ಲಿ ಹಾಕಿಕೊಳ್ಳಬೇಕು, ತಕ್ಕ ಜಾಗದಲ್ಲಿ ತೆಗೆದು ಬಳಸಬೇಕು. ಚೀಲ ತುಂಬಿದ ಮೇಲೆ ಹೊಸದು ಬೇಕೆಂದರೆ ಹಳೆಯದೊಂದನ್ನು ಬಿಡಬೇಕು. ಬಿಟ್ಟದ್ದು ಮತ್ತೆ ಸಿಗುವುದಿಲ್ಲ.

ಚೀಲ ಜೋಡಿಸುವುದರಲ್ಲಿ ದರ್ಜಿಯ ಕೈ ಪಳಗಿತ್ತು. ಹಗ್ಗಕ್ಕೆ ಕೊಕ್ಕೆ ಕಟ್ಟಿ ಎರಡನ್ನು ಒಂದು ಮಾಡುತ್ತಿದ್ದ. ಎಣ್ಣೆಯನ್ನು ಕಂದೀಲಿಗೆ ಸುರಿದು ಕುಡಿಕೆಯ ಜಾಗ ಉಳಿಸುತ್ತಿದ್ದ. ಬಟ್ಟೆ ಕತ್ತರಿಸುವವನಲ್ಲವೇ, ಒಂದು ಚೂರೂ ಪೋಲು ಮಾಡುವವನಲ್ಲ. ಹೀಗೆ ತಿಂಗಳುಗಟ್ಟಲೆ ಆಡಿ ಹೆಬ್ಬಾಗಿಲಿನ ಮುಂದೆ ಬಂದು ನಿಂತ. ಅಲ್ಲಿ ಬಾಗಿಲು ಮೀಟುವ ಹಾರೆ ಬಿದ್ದಿತ್ತು. ಎತ್ತಿಕೊಳ್ಳಲು ಹೋದರೆ, ಚೀಲದಲ್ಲಿ ಜಾಗವಿಲ್ಲ ಎಂದಿತು ಆಟ.

ಚೀಲ ಬಿಚ್ಚಿ ನೋಡಿದ. ಎಲ್ಲವೂ ಬೇಕಾದವೇ, ಒಂದನ್ನು ಬಿಟ್ಟು. ಅದು ಒಲೆ ಊದುವ ಊದುಗೊಳವೆ. ಆಟದ ಮೊದಲಲ್ಲೇ ಸಿಕ್ಕಿತ್ತು. ಅದನ್ನು ಬೀಗಕ್ಕೆ ತುರುಕಿ ನೋಡಿದ್ದ, ಕಾವಲುಗಾರನ ತಲೆಗೆ ಬೀಸಿ ನೋಡಿದ್ದ, ಹಾವಿನ ಮುಂದೆ ಪುಂಗಿಯೆಂದು ಊದಿಯೂ ನೋಡಿದ್ದ. ಹಾವು ಕಚ್ಚಿತು, ಅಷ್ಟೇ. ಎಸೆಯೋಣವೆಂದರೆ ಮುಂದೆ ಬೇಕಾದೀತೆಂಬ ಭಯ. ಬೇಕಾದಾಗ ಇಲ್ಲದೆ ಹೋದರೆ ಇಷ್ಟು ದಿನ ಆಡಿದ್ದೆಲ್ಲ ನೀರಿನಲ್ಲಿ ಹೋಮ. ನುಂಗಲೂ ಆಗದು, ಉಗುಳಲೂ ಆಗದು.

ಅದೇ ಬೀದಿಯಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಆ ಆಟವನ್ನು ಕೊನೆಯವರೆಗೆ ಆಡಿ ಮುಗಿಸಿದವಳು. ದರ್ಜಿ ಅವಳ ಬಳಿಗೆ ಹೋಗಿ, "ಅಕ್ಕಾ, ಈ ದರಿದ್ರದ ಊದುಗೊಳವೆ ಎಸೆದುಬಿಡಲಾ?" ಎಂದ.

"ಕೋಟೆಯೊಳಗೆ ಮೊದಲನೆಯ ಮನೆಯ ಬೀಗ ತೆಗೆದೆಯಲ್ಲ, ಆ ಕೀಲಿಕೈ ಎಲ್ಲಿದೆ?" ಎಂದು ಅವಳು ಕೇಳಿದಳು.

ದರ್ಜಿ ಯೋಚಿಸಿದ. ಕೀಲಿಕೈ ಚೀಲದಲ್ಲಿ ಇರಲಿಲ್ಲ. ತಾನು ಎಸೆದ ನೆನಪೂ ಇರಲಿಲ್ಲ.

"ಈ ಆಟದಲ್ಲಿ ಕೆಲಸ ಮುಗಿದ ಸಾಮಾನು ತಾನೇ ಹೊರಟುಹೋಗುತ್ತದೆ ತಮ್ಮಾ. ಉಳಿದಿದೆ ಎಂದರೆ ಅದರ ಕೆಲಸ ಬಾಕಿ ಇದೆ. ನೀನು ಹೋಗದ ಮನೆ ಯಾವುದಾದರೂ ಇರಬೇಕು, ನೋಡು," ಎಂದಳು ಬಳೆಗಾರ್ತಿ.

ಬೀಗ ಹಾಕಿದ ಮನೆಗಳನ್ನೆಲ್ಲ ದರ್ಜಿ ಹೊಕ್ಕು ಜಾಲಾಡಿದ್ದ. ಬಾಗಿಲು ತೆರೆದೇ ಇದ್ದ ಮನೆಗಳಿಗೆ ಮಾತ್ರ ಹೋಗಿರಲಿಲ್ಲ. ಬೀಗವೇ ಇಲ್ಲದ ಕಡೆ ಎತ್ತಿಕೊಳ್ಳುವಂಥದ್ದು ಏನಿರುತ್ತದೆ ಎಂಬುದು ಅವನ ಲೆಕ್ಕ. ಆಡುವವರ ಬುದ್ಧಿಯೇ ಅಷ್ಟು.

ಅವನು ಹೆಬ್ಬಾಗಿಲಿನಿಂದ ಹಿಂದಿರುಗಿದ. ತೆರೆದ ಮನೆಗಳನ್ನು ಒಂದೊಂದಾಗಿ ಹೊಕ್ಕ. ಒಂದು ಮನೆಯಲ್ಲಿ ಒಬ್ಬ ಮುದುಕಿ ಹಸಿ ಸೌದೆಯ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಸುತ್ತ ಮೊಮ್ಮಕ್ಕಳು ಹಸಿದು ಕೂತಿದ್ದವು. ದರ್ಜಿಗೆ ನಗು ಬಂತು, ನಾಚಿಕೆಯೂ ಆಯಿತು. ಊದುಗೊಳವೆ ತೆಗೆದು ಊದಿದ. ಒಲೆ ಹೊತ್ತಿಕೊಂಡಿತು. ಗಂಜಿ ಬೆಂದಿತು, ಮಕ್ಕಳು ಉಂಡವು. ಚೀಲ ನೋಡಿದರೆ ಊದುಗೊಳವೆ ಇಲ್ಲ. ಅಷ್ಟು ದಿನ ಬೈದುಕೊಂಡೇ ಹೊತ್ತದ್ದು, ಹೋದಾಗ ಅವನ ಕಣ್ಣು ತೇವವಾಯಿತು. ಆ ಜಾಗದಲ್ಲಿ ಹಾರೆ ಹಿಡಿಸಿತು. ಹೆಬ್ಬಾಗಿಲು ತೆರೆಯಿತು. ಮುದುಕಿ ಮೊಮ್ಮಕ್ಕಳನ್ನು ಕರೆದುಕೊಂಡು ಎಲ್ಲರಿಗಿಂತ ಮುಂದೆ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗವ್ವ ಒಪ್ಪಲಿಲ್ಲ.

"ಅದು ಆಟ, ಅಪ್ಪಾವರೇ. ಆ ಮುದುಕಿಯನ್ನು ಒಲೆಯ ಮುಂದೆ ತಂದು ಕೂರಿಸಿದವರು ಯಾರೋ ಇದ್ದರು. ನನ್ನ ಮಗ ಹೋದ. ನನಗಾಗಿ ಯಾರು ಯಾರನ್ನು ಕೂರಿಸಿದ್ದಾರೆ?" ಎಂದಳು.

ಗುರುಗಳು, "ಈ ಸೀಮೆಯಲ್ಲಿ ಕಿವಿ ಕೇಳದ ಮಗುವನ್ನು ಹೆತ್ತವಳು ನೀನೊಬ್ಬಳೇ ಏನವ್ವ?" ಎಂದರು.

ಬಸಲಿಂಗವ್ವ ಎದ್ದು ನಿಂತು, "ಅಂಥ ಮಗು ಇರುವ ಮನೆ ಎಲ್ಲಿದೆ, ಅಪ್ಪಾವರೇ?" ಎಂದಳು.