ಗುಂಡ ಬಿದ್ದ, ಟಪ್!

ಕೂತಿರಾ? ಕಾಲು ಮಡಚಿ ಕೂತಿರಾ? ನಾನು ಹೇಳ್ತೀನಿ, ನೀವು ಹೂಂ ಅನ್ನಬೇಕು. ಹೂಂ ಅನ್ನದವರಿಗೆ ಕತೆ ಅರ್ಧಕ್ಕೇ ನಿಂತುಬಿಡುತ್ತೆ.

ಒಂದೂರಲ್ಲಿ ತಿಮ್ಮಿ ಅಂತ ಒಬ್ಬಳು ಹುಡುಗಿ. ಇಷ್ಟೇ ಇಷ್ಟು ಎತ್ತರ. ಅವಳ ಮನೆ ಹಿಂದೆ ಒಂದು ತಿಪ್ಪೆ. ತಿಪ್ಪೆ ಮೇಲೆ ಒಂದು ಕುಂಬಳ ಬಳ್ಳಿ. ಬಳ್ಳಿ ತುದಿಯಲ್ಲಿ ಒಂದು ಮಿಡಿ. ನಿಂಬೆಹಣ್ಣಿನಷ್ಟು ಮಿಡಿ. ಅದಕ್ಕೆ ತಿಮ್ಮಿ ಗುಂಡ ಅಂತ ಹೆಸರಿಟ್ಟಿದ್ದಳು.

ಬೀಜ ಹಾಕಿದವಳು ತಿಮ್ಮಿ. ನೀರು ಹೊಯ್ದವಳು ತಿಮ್ಮಿ. "ಮೊದಲನೇ ಕಾಯಿ ನಿಂದೇ ಕಣವ್ವಾ. ಕಡುಬು ಮಾಡಿಕೊಡ್ತೀನಿ," ಅಂದಿದ್ದಳು ಅಜ್ಜಿ.

ಮಿಡಿಗೆ ಬೆರಳು ತೋರಿಸಬಾರದು. ತೋರಿಸಿದರೆ ಕೊಳೆತು ಹೋಗುತ್ತೆ ಅಂತಾರೆ. ಅದಕ್ಕೇ ತಿಮ್ಮಿ ಮುಷ್ಟಿ ಕಟ್ಟಿ ತೋರಿಸುತ್ತಿದ್ದಳು. "ಅಗೋ, ನಮ್ಮ ಗುಂಡ!"

ಒಂದು ಬೆಳಗ್ಗೆ ಎದ್ದು ನೋಡುತ್ತಾಳೆ. ಗುಂಡ ಹಳದಿ. ಗುಂಡ ಮೆತ್ತಗೆ. ಗುಂಡ ಬಿದ್ದ, ಟಪ್!

ತಿಮ್ಮಿ ಅತ್ತಳು. ಮೂಗು ಸೋರುವಷ್ಟು ಅತ್ತಳು. ಅವಳ ಪುಟ್ಟ ತಮ್ಮ ಮಾತ್ರ ಒಳಗೆ ತೊಟ್ಟಿಲಲ್ಲಿ ನಗುತ್ತಿದ್ದ. ತೊಟ್ಟಿಲಿನಿಂದ ಸದ್ದು ಬರುತ್ತಿತ್ತು, ಗಿಲಿ ಗಿಲಿ ಗಿಲಿ. ಆ ಸದ್ದು ನೆನಪಿರಲಿ ಮಕ್ಕಳೇ. ಆಮೇಲೆ ಬೇಕಾಗುತ್ತೆ.

ತಿಮ್ಮಿ ಮೂಗು ಒರೆಸಿಕೊಂಡಳು. ಬಳ್ಳಿಯನ್ನು ಕೇಳಿದಳು.

"ಬಳ್ಳಿಯಕ್ಕಾ ಬಳ್ಳಿಯಕ್ಕಾ, ನಾನು ಬೆರಳು ತೋರಿಸ್ಲಿಲ್ಲ. ನನ್ನ ಗುಂಡನ್ನ ಯಾಕೆ ಬಿಟ್ಟೆ?"

"ಬೆರಳಿನ ಮಾತು ಬಿಡೇ," ಅಂದಳು ಬಳ್ಳಿ. "ನನ್ನಲ್ಲಿ ಗಂಡು ಹೂವೂ ಇದೆ, ಹೆಣ್ಣು ಹೂವೂ ಇದೆ. ಗಂಡು ಹೂವಿನ ಹಳದಿ ಹುಡಿ ಹೆಣ್ಣು ಹೂವಿಗೆ ಸೇರಬೇಕು. ಆಗಲೇ ಕಾಯಿ ನಿಲ್ಲೋದು. ನನಗೆ ಕಾಲಿಲ್ಲ, ರೆಕ್ಕೆ ಇಲ್ಲ. ಹುಡಿ ಹೊರೋಳು ಜೇನು. ಜೇನು ಬರಲಿಲ್ಲ. ಅವಳನ್ನೇ ಕೇಳು."

ಹೋದಳು ತಿಮ್ಮಿ. ಕೆರೆ ಏರಿ ದಾಟಿದಳು. ಹುಣಸೆ ಮರದ ಪೊಟರೆಯಲ್ಲಿ ಜೇನು.

"ಜೇನಮ್ಮಾ ಜೇನಮ್ಮಾ,
ಜೇನು ಬರಲಿಲ್ಲ,
ಬಳ್ಳಿಗೆ ಹುಡಿ ಇಲ್ಲ,
ಗುಂಡ ಬಿದ್ದ, ಟಪ್!
ಯಾಕೆ ನೀನು ಬರಲಿಲ್ಲ?"

"ಝುಂಯ್! ಒಂದು ಬಳ್ಳಿ, ಎರಡು ಹೂ. ಅಷ್ಟಕ್ಕೆ ಇಷ್ಟು ದೂರ ಬರ್ತಾರೇನೇ?" ಅಂದಳು ಜೇನು. "ಹೋದ ವರ್ಷ ನಿಮ್ಮ ಹೊಲದಲ್ಲಿ ಹುಚ್ಚೆಳ್ಳು ಹೂ ಇತ್ತು. ಹಳದಿ ಹಳದಿ ಹೂ. ಸಂಸಾರ ಸಮೇತ ಬಂದಿದ್ವಿ. ಹಾಗೇ ನಿಮ್ಮ ತಿಪ್ಪೆಗೂ ಬಂದಿದ್ವಿ. ಈ ಸಲ ಹೊಲದಲ್ಲಿ ಹೂವಿಲ್ಲ. ಹೊಲವನ್ನೇ ಕೇಳು."

ಹೋದಳು ತಿಮ್ಮಿ. ಹೊಲ ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು.

"ಹೊಲದಪ್ಪಾ ಹೊಲದಪ್ಪಾ,
ಹೊಲದಲ್ಲಿ ಹೂವಿಲ್ಲ,
ಜೇನು ಬರಲಿಲ್ಲ,
ಬಳ್ಳಿಗೆ ಹುಡಿ ಇಲ್ಲ,
ಗುಂಡ ಬಿದ್ದ, ಟಪ್!
ಯಾಕೆ ನಿನ್ನಲ್ಲಿ ಹೂವಿಲ್ಲ?"

"ನನ್ನ ಮೈ ನೋಡು," ಅಂತು ಹೊಲ. "ಆರು ಸಾಲು ರಾಗಿ, ಒಂದು ಸಾಲು ಖಾಲಿ. ಆರು ಸಾಲು ರಾಗಿ, ಒಂದು ಸಾಲು ಖಾಲಿ. ಖಾಲಿ ಇರೋದು ಅಕ್ಕಡಿ ಸಾಲು. ಹುಚ್ಚೆಳ್ಳು ಬಿತ್ತೋ ಸಾಲು. ತಾತ ಸಾಲು ಬಿಟ್ಟ, ಬೀಜ ಬಿತ್ತಲಿಲ್ಲ. ತಾತನ್ನೇ ಕೇಳು."

ಹೋದಳು ತಿಮ್ಮಿ. ತಾತ ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ತಾತಾ ತಾತಾ,
ತಾತ ಬಿತ್ತಲಿಲ್ಲ,
ಹೊಲದಲ್ಲಿ ಹೂವಿಲ್ಲ,
ಜೇನು ಬರಲಿಲ್ಲ,
ಬಳ್ಳಿಗೆ ಹುಡಿ ಇಲ್ಲ,
ಗುಂಡ ಬಿದ್ದ, ಟಪ್!
ಯಾಕೆ ನೀನು ಬಿತ್ತಲಿಲ್ಲ?"

"ಬೀಜ ಕೊಟ್ಟಿದ್ರೆ ಬಿತ್ತುತ್ತಿರಲಿಲ್ವೇನೇ ಮಗಾ?" ಅಂದ ತಾತ. "ಬೀಜ ಇಡೋಳು ನಿಮ್ಮಜ್ಜಿ. ಒಂದು ಸಲ ಕೇಳಿದೆ, ಕೊಡಲಿಲ್ಲ. ಎರಡನೇ ಸಲ ಕೇಳೋಕೆ ನಂಗೆ ಧೈರ್ಯ ಇಲ್ಲ. ನೀನೇ ಕೇಳು."

ಹೋದಳು ತಿಮ್ಮಿ. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅಜ್ಜಿಗೆ ಕಿವಿ ಮಂದ. ತಿಮ್ಮಿ ಕೂಗಿ ಹೇಳಿದಳು. ನೀವೂ ಕೂಗಿ!

"ಅಜ್ಜೀ ಅಜ್ಜೀ,
ಅಜ್ಜಿ ಕೊಡಲಿಲ್ಲ,
ತಾತ ಬಿತ್ತಲಿಲ್ಲ,
ಹೊಲದಲ್ಲಿ ಹೂವಿಲ್ಲ,
ಜೇನು ಬರಲಿಲ್ಲ,
ಬಳ್ಳಿಗೆ ಹುಡಿ ಇಲ್ಲ,
ಗುಂಡ ಬಿದ್ದ, ಟಪ್!
ಯಾಕೆ ನೀನು ಕೊಡಲಿಲ್ಲ?"

"ಇದ್ದಿದ್ರೆ ಕೊಡ್ತಿದ್ದೆ ಕಣವ್ವಾ," ಅಂದಳು ಅಜ್ಜಿ. "ಬೀಜಾನ ಒಣಗಿದ ಸೋರೆ ಬುರುಡೇಲಿ ತುಂಬಿಟ್ಟಿದ್ದೆ. ಬುರುಡೆ ಬಾಯಿ ಮುಚ್ಚಿ ಗೂಟಕ್ಕೆ ನೇತುಹಾಕಿದ್ದೆ. ಬುರುಡೆಯೇ ಮಾಯ! ಅಟ್ಟ ಹುಡುಕಿದೆ, ಮೂಲೆ ಹುಡುಕಿದೆ. ನಂಗೆ ಇಲಿ ಮೇಲೆ ಅನುಮಾನ. ಬೇಕಾದ್ರೆ ಗೂಟವನ್ನೇ ಕೇಳು."

ಹೋದಳು ತಿಮ್ಮಿ. ಗೋಡೆಯಲ್ಲಿ ಗೂಟ. ಬೋಳು ಗೂಟ.

"ಗೂಟಣ್ಣಾ ಗೂಟಣ್ಣಾ,
ಗೂಟದಲ್ಲಿ ಬುರುಡೆ ಇಲ್ಲ,
ಅಜ್ಜಿ ಕೊಡಲಿಲ್ಲ,
ತಾತ ಬಿತ್ತಲಿಲ್ಲ,
ಹೊಲದಲ್ಲಿ ಹೂವಿಲ್ಲ,
ಜೇನು ಬರಲಿಲ್ಲ,
ಬಳ್ಳಿಗೆ ಹುಡಿ ಇಲ್ಲ,
ಗುಂಡ ಬಿದ್ದ, ಟಪ್!
ಬುರುಡೆ ಯಾರು ತಗೊಂಡ್ರು?"

"ಇಲಿ ಅಲ್ಲ," ಅಂತು ಗೂಟ. "ಒಬ್ಬಳು ಸಣ್ಣವಳು ಬಂದಳು. ಮಣೆ ಮೇಲೆ ಮಣೆ ಇಟ್ಟಳು. ಹತ್ತಿದಳು. ಬುರುಡೆ ಅಲ್ಲಾಡಿಸಿದಳು, ಗಿಲಿ ಗಿಲಿ ಅಂತು. 'ನಮ್ಮ ತಮ್ಮಂಗೆ ಗಿಲಕಿ!' ಅಂದಳು. ಕೆಂಪು ಬಟ್ಟೆ ಸುತ್ತಿದಳು. ಎತ್ತಿಕೊಂಡು ಓಡಿದಳು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಿಮ್ಮಿಗೆ ಈಗ ನೆನಪಾಯಿತು. ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ತೊಟ್ಟಿಲಿನಿಂದ ಸದ್ದು, ಗಿಲಿ ಗಿಲಿ ಗಿಲಿ.

ತಿಮ್ಮಿ ಸುಮ್ಮನಿರಬಹುದಿತ್ತು. ಬೈಗುಳ ತಪ್ಪುತ್ತಿತ್ತು. ತಪ್ಪೆಲ್ಲ ಪಾಪದ ಇಲಿ ಮೇಲೆ ಹೋಗುತ್ತಿತ್ತು. ಆದರೆ ಗುಂಡ? ಗುಂಡ ಮತ್ತೆ ಬರಬೇಡವೇ? ತಿಮ್ಮಿ ಕಣ್ಣು ಮುಚ್ಚಿಕೊಂಡಳು. ಕೂಗಿಯೇ ಬಿಟ್ಟಳು.

"ಅಜ್ಜೀ, ಆ ಇಲಿ ನಾನೇ!"

ಅಜ್ಜಿ ಕೇರುವುದು ನಿಲ್ಲಿಸಿದಳು. ತಿಮ್ಮಿಯನ್ನು ನೋಡಿದಳು. ತೊಟ್ಟಿಲು ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಂಗೈಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಳಂತೆ! ದಿನಾ ಆ ತೊಟ್ಟಿಲು ತೂಗೋಳು ನಾನೇ, ಈ ಮಂದ ಕಿವಿಗೆ ಗಿಲಿ ಗಿಲಿ ಕೇಳಲೇ ಇಲ್ಲವಲ್ಲೇ!"

ತೊಟ್ಟಿಲಿನಿಂದ ಬುರುಡೆ ಬಿಚ್ಚಿದರು. ತಮ್ಮ ಬಾಯಿ ಬಿಟ್ಟ. ವ್ಯಾಂ! ಅದೇನು ಅಳು, ಅದೇನು ಅಳು! ತಿಮ್ಮಿ ಓಡಿದಳು. ಅಂಗಳದಿಂದ ಒಂದು ಹಿಡಿ ಬೆಣಚುಕಲ್ಲು ತಂದಳು. ಬೀಜ ಮೊರಕ್ಕೆ ಸುರಿದಳು. ಕಲ್ಲು ಬುರುಡೆಗೆ ತುಂಬಿದಳು. ಬಾಯಿ ಮುಚ್ಚಿದಳು. ಅಲ್ಲಾಡಿಸಿದಳು. ಗಡ ಗಡ ಗಡ! ತಮ್ಮ ಮೊದಲಿಗಿಂತ ಜೋರಾಗಿ ನಕ್ಕ.

ಇನ್ನೇನು? ಬುರುಡೆ ಸಿಕ್ಕಿತು, ಅಜ್ಜಿ ಕೊಟ್ಟಳು. ಅಜ್ಜಿ ಕೊಟ್ಟಳು, ತಾತ ಬಿತ್ತಿದ. "ತಡವಾಯ್ತು, ಆದ್ರೂ ನೆಲ ಹಸಿ ಇದೆ," ಅಂದ ತಾತ.

ತಿಮ್ಮಿ ದಿನಾ ಹೊಲಕ್ಕೆ ಹೋದಳು. "ಹೊಲದಪ್ಪಾ, ಹೂ ಬಂತಾ?" "ಮೊಳಕೆ ಬಂತು." "ಹೊಲದಪ್ಪಾ, ಹೂ ಬಂತಾ?" "ಮೊಗ್ಗು ಬಂತು." "ಹೊಲದಪ್ಪಾ, ಹೂ..." ಹೊಲ ಮೈ ತೋರಿಸಿತು. ಮೈತುಂಬ ಹಳದಿ! ಆರು ಸಾಲು ರಾಗಿ, ಒಂದು ಸಾಲು ಹೂ. ಆರು ಸಾಲು ರಾಗಿ, ಒಂದು ಸಾಲು ಹೂ.

ಝುಂಯ್! ಜೇನು ಬಂದಳು. ಸಂಸಾರ ಸಮೇತ ಬಂದಳು. ಹೊಲಕ್ಕೂ ಬಂದಳು, ತಿಪ್ಪೆಗೂ ಬಂದಳು. ಗಂಡು ಹೂವಿಗೆ ಇಳಿದಳು, ಮೈಗೆಲ್ಲ ಹುಡಿ. ಹೆಣ್ಣು ಹೂವಿಗೆ ಇಳಿದಳು, ಹೂವಿಗೆಲ್ಲ ಹುಡಿ. ಈಗ ಹೇಳಿ, ಎಲ್ಲರೂ ಸೇರಿ ಹೇಳಿ!

ಬುರುಡೆ ಸಿಕ್ಕಿತು,
ಅಜ್ಜಿ ಕೊಟ್ಟಳು,
ತಾತ ಬಿತ್ತಿದ,
ಹೊಲದಲ್ಲಿ ಹೂ ಬಂತು,
ಜೇನು ಬಂದಳು,
ಬಳ್ಳಿಗೆ ಹುಡಿ ಬಂತು,
ಗುಂಡ ನಿಂತ!

ಗುಂಡ ನಿಂಬೆಹಣ್ಣಿನಷ್ಟಾದ. ತೆಂಗಿನಕಾಯಿಯಷ್ಟಾದ. ತಮ್ಮನಷ್ಟಾದ. ಬಂದವರಿಗೆಲ್ಲ ತಿಮ್ಮಿ ಮುಷ್ಟಿ ಕಟ್ಟಿ ತೋರಿಸಿದಳು. "ಅಗೋ, ನಮ್ಮ ಗುಂಡ!" ಒಂದು ದಿನ ತಾತ ಗುಂಡನನ್ನು ಹೊತ್ತು ತಂದು ಇಳಿಸಿದ, ದೊಪ್!

ಅಜ್ಜಿ ಈಳಿಗೆಮಣೆ ತೆಗೆದಳು. ತಿಮ್ಮಿಯ ಮುಖ ಸಣ್ಣದಾಯಿತು.

"ಅಜ್ಜೀ, ನಮ್ಮ ಗುಂಡನ್ನ ಹೆಚ್ತೀಯಾ?"

"ಒಳಗೆ ನೋಡವ್ವಾ ಮೊದಲು," ಅಂದಳು ಅಜ್ಜಿ.

ಗುಂಡನನ್ನು ಎರಡು ಹೋಳು ಮಾಡಿದಳು. ತಿಮ್ಮಿ ಬಗ್ಗಿ ನೋಡಿದಳು. ಒಳಗೆಲ್ಲ ಬೀಜ. ಬಿಳಿ ಬಿಳಿ ಬೀಜ. ನೂರು ಬೀಜ. ಎಷ್ಟೊಂದು ಗುಂಡಂದಿರು!

ಕಡುಬು ಬೆಂದಿತು. ತಿಮ್ಮಿ ನಾಲ್ಕು ತಿಂದಳು. ಬೀಜ ತೊಳೆದಳು, ಒಣಗಿಸಿದಳು, ಹೊಸ ಬುರುಡೆಗೆ ತುಂಬಿದಳು. ಮಣೆ ಮೇಲೆ ಮಣೆ ಇಟ್ಟಳು, ಹತ್ತಿದಳು, ಅದೇ ಗೂಟಕ್ಕೆ ತಾನೇ ನೇತುಹಾಕಿದಳು.

ಕಡುಬು ಅವರ ಹೊಟ್ಟೆ ಸೇರಿತು. ಹೂಂ ಅಂದವರಿಗೆ ತಿಮ್ಮಿ ಒಂದೊಂದು ಬೀಜ ಉಳಿಸಿದ್ದಾಳೆ. ಅಗೋ ಬುರುಡೆ! ಅಯ್ಯೋ, ಬೆರಳಲ್ಲ ಮರೀ, ಮುಷ್ಟಿ!